ವೇಷವೋ, ಉಡುಗೆಯೋ? ಕಾಸ್‌ಪ್ಲೇ ಮತ್ತು ಹರಾಜುಕು ಫ್ಯಾಷನ್‌ಗೆ ಮೊದಲ ಹೆಜ್ಜೆಗಳು

ಬಟ್ಟೆ ಕೊಳ್ಳುವ ಮೊದಲು, ವಿಗ್ ಆರ್ಡರ್ ಮಾಡುವ ಮೊದಲು, ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ನಿಮಗೆ ಬೇಕಿರುವುದು ವೇಷವೋ, ಉಡುಗೆಯೋ?

ನಮ್ಮಲ್ಲಿ ಎರಡನ್ನೂ ಒಂದೇ ಅಂದುಕೊಳ್ಳುವವರೇ ಜಾಸ್ತಿ. ಗುಲಾಬಿ ಕೂದಲು, ಲೇಸು, ದಪ್ಪ ಅಟ್ಟೆಯ ಶೂ ಕಂಡರೆ ಸಾಕು, "ಓ, ಕಾಸ್‌ಪ್ಲೇ" ಅಂದುಬಿಡುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಕೆಲಸಕ್ಕೆಂದು ಟೋಕಿಯೋಗೆ ಹೋದ ಹೊಸತು. ಒಂದು ಭಾನುವಾರ ಅಲ್ಲಿನ ಹರಾಜುಕು ಬಡಾವಣೆಯ ಸ್ಟೇಷನ್ ಹೊರಗೆ ಒಬ್ಬ ಹುಡುಗಿ ಗೆಳತಿಗಾಗಿ ಕಾಯುತ್ತಿದ್ದಳು. ಗಂಟೆಯ ಹಾಗೆ ಉಬ್ಬಿದ ತಿಳಿ ನೀಲಿ ಲಂಗ, ಕತ್ತಿನವರೆಗೆ ಗುಂಡಿ ಹಾಕಿದ ಬಿಳಿ ಬ್ಲೌಸು, ತಲೆಯ ಮೇಲೆ ಲೇಸಿನ ಪಟ್ಟಿ. ಅರೆಬರೆ ಜಪಾನಿಯಲ್ಲಿ "ಇದು ಯಾವ ಪಾತ್ರ?" ಅಂತ ಕೇಳಿದೆ. ಅವಳು ಸಿಟ್ಟಾಗಲಿಲ್ಲ. "ಪಾತ್ರ ಅಲ್ಲ, ನನ್ನ ಬಟ್ಟೆ" ಅಂದಳು. ಆ ಮಾತು ನನಗೆ ಇವತ್ತಿಗೂ ನೆನಪಿದೆ.

ಕಾಸ್‌ಪ್ಲೇ ಅಂದರೆ ವೇಷ. ಅನಿಮೆ (ಜಪಾನಿ ಕಾರ್ಟೂನ್), ಮಾಂಗಾ (ಜಪಾನಿ ಕಾಮಿಕ್ಸ್) ಅಥವಾ ಗೇಮಿನ ಒಂದು ಪಾತ್ರವನ್ನು ಮೈಮೇಲೆ ತಂದುಕೊಳ್ಳುವುದು. ನೋಡಿದವರು ಆ ಪಾತ್ರದ ಹೆಸರು ಹಿಡಿದು ಕೂಗಿದರೆ ನೀವು ಗೆದ್ದ ಹಾಗೆ. ಹರಾಜುಕು ಉಡುಗೆಯಲ್ಲಿ ಪಾತ್ರವೇ ಇಲ್ಲ, ಇರುವುದು ನೀವೇ. ಅದನ್ನು ಹಾಕಿಕೊಂಡು ಟ್ರೈನು ಹತ್ತುತ್ತಾರೆ, ಕಾಫಿಗೆ ಹೋಗುತ್ತಾರೆ, ಸುಮ್ನೆ ಅಂಗಡಿ ಸುತ್ತುತ್ತಾರೆ. ಚೌಕಿಯಲ್ಲಿ ಕಿರೀಟ ಕಟ್ಟಿಕೊಂಡು ಕೂತ ಯಕ್ಷಗಾನ ಕಲಾವಿದರನ್ನು "ದಿನಾ ಇದನ್ನೇ ಹಾಕ್ತೀರಾ?" ಅಂತ ಯಾರೂ ಕೇಳುವುದಿಲ್ಲ. ಹಬ್ಬಕ್ಕೆ ರೇಷ್ಮೆ ಸೀರೆ ಉಟ್ಟ ಅತ್ತೆಯನ್ನು "ಯಾವ ವೇಷ?" ಅಂತಲೂ ಕೇಳುವುದಿಲ್ಲ ಅಲ್ವಾ? ಅಲ್ಲೂ ಅಷ್ಟೇ.

ಹುಟ್ಟೂ ಬೇರೆ ಬೇರೆ. 'ಕಾಸ್‌ಪ್ಲೇ' ಎಂಬ ಪದವನ್ನು 1983ರಲ್ಲಿ ನೊಬುಯುಕಿ ತಾಕಾಹಾಶಿ ಎಂಬುವರು 'ಮೈ ಅನಿಮೆ' ಪತ್ರಿಕೆಯ ಬರಹವೊಂದರಲ್ಲಿ ಬಳಸಿದರು. 'ಕಾಸ್ಟ್ಯೂಮ್' ಮತ್ತು 'ಪ್ಲೇ' ಎರಡನ್ನೂ ಕತ್ತರಿಸಿ ಜೋಡಿಸಿದ ಪದ ಅದು. ಅಭಿಮಾನಿಗಳು ವೇಷ ಹಾಕಿಕೊಂಡು ಸೇರುತ್ತಿದ್ದುದು ಅದಕ್ಕೂ ಮೊದಲೇ. ಬೀದಿ ಫ್ಯಾಷನ್ ಬೆಳೆದದ್ದು ಟೋಕಿಯೋದ ಹರಾಜುಕು, ಶಿಬುಯಾ ರಸ್ತೆಗಳಲ್ಲಿ. ಅದಕ್ಕೆ ಅನಿಮೆಗಿಂತ ಸಂಗೀತ, ಅಂಗಡಿಗಳು ಮತ್ತು ಭಾನುವಾರದ ಬಿಡುವು ಕಾರಣ.

ಎರಡೂ ಇಷ್ಟ ಅಂದರೆ ಎರಡನ್ನೂ ಮಾಡಿ, ತಪ್ಪೇನಿಲ್ಲ. ಆದರೆ ಒಂದೇ ಸಲ ಬೇಡ. ದುಡ್ಡು, ಸಮಯ, ಕಲಿಯಬೇಕಾದ ಕೆಲಸ ಎಲ್ಲವೂ ಬೇರೆ.

ಉಡುಗೆ ಬೇಕಾದವರು ಮೊದಲು ಬೀದಿ ನೋಡಿ

ಹರಾಜುಕುವಿನಲ್ಲಿ 1977ರಿಂದ 1998ರವರೆಗೆ ಭಾನುವಾರ ವಾಹನಗಳನ್ನು ನಿಲ್ಲಿಸಿ ರಸ್ತೆಯನ್ನು ನಡೆಯುವವರಿಗೆ ಬಿಟ್ಟುಕೊಡುತ್ತಿದ್ದರು. ಜಪಾನಿಯಲ್ಲಿ ಅದನ್ನು 'ಹೋಕೋತೆನ್' ಅನ್ನುತ್ತಿದ್ದರು. 1980ರ ಆಸುಪಾಸಿನಲ್ಲಿ ಅಲ್ಲಿ ಗಾಢ ಬಣ್ಣದ ದೊಗಲೆ ಬಟ್ಟೆ ತೊಟ್ಟು ಗುಂಪು ಗುಂಪಾಗಿ ಕುಣಿಯುತ್ತಿದ್ದವರಿಗೆ 'ತಾಕೆನೊಕೊ' ಎಂಬ ಅಂಗಡಿಯಿಂದಲೇ 'ತಾಕೆನೊಕೊ-ಝೊಕು' ಅಂತ ಹೆಸರು ಬಂತು. ಆಮೇಲೆ ಮೇಜಿ ದೇಗುಲದ ದಾರಿಯಲ್ಲಿರುವ ಜಿಂಗೂ ಸೇತುವೆ ಮೇಲೆ ಕಪ್ಪು ಲೇಸಿನವರು, 'ವಿಷುವಲ್ ಕೇ' (ಅಬ್ಬರದ ಮೇಕಪ್ಪು, ಉಡುಗೆಯ ಜಪಾನಿ ರಾಕ್) ಬ್ಯಾಂಡುಗಳ ಅಭಿಮಾನಿಗಳು ಸೇರತೊಡಗಿದರು. ಛಾಯಾಗ್ರಾಹಕ ಶೋಇಚಿ ಆಓಕಿ 1997ರಲ್ಲಿ 'ಫ್ರೂಟ್ಸ್' ಎಂಬ ಪತ್ರಿಕೆ ಶುರು ಮಾಡಿ, ಸುಮಾರು 20 ವರ್ಷ ಈ ಬೀದಿಯ ಹುಡುಗ ಹುಡುಗಿಯರ ಫೋಟೋಗಳನ್ನೇ ಪ್ರಕಟಿಸಿದರು. ಆ ಫೋಟೋಗಳನ್ನು ಹುಡುಕಿ ನೋಡಿ. ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ಅಮ್ಮನ ಹಳೆ ಕಿಮೋನೊ ಕತ್ತರಿಸಿ ಜೀನ್ಸ್ ಮೇಲೆ ಹಾಕಿದವರೂ ಇದ್ದಾರೆ.

ನೋಡುವಾಗ ಒಂದು ಕೆಲಸ ಮಾಡಿ. ಇಷ್ಟವಾದ ಇಪ್ಪತ್ತು ಫೋಟೋ ಉಳಿಸಿಕೊಳ್ಳಿ. ಒಂದು ವಾರ ಬಿಟ್ಟು ಮತ್ತೆ ನೋಡಿ. ಆಗಲೂ ಇಷ್ಟವಾಗುವ ಐದರಲ್ಲಿ ಏನಾದರೂ ಒಂದು ಎಲ್ಲದರಲ್ಲೂ ಇರುತ್ತದೆ. ಅದು ಲೇಸು ಇರಬಹುದು, ಬಣ್ಣ ಇರಬಹುದು, ದೊಗಲೆ ಆಕಾರ ಇರಬಹುದು. ನಿಮ್ಮ ಶೈಲಿ ಅಲ್ಲಿಂದ ಶುರುವಾಗುತ್ತದೆ.

ಮುಖ್ಯ ಶೈಲಿಗಳು ಇವು. ಲೋಲಿತಾದಲ್ಲಿ ಉಬ್ಬಿದ ಲಂಗ, ಲೇಸು, ಮುಚ್ಚಿದ ಕತ್ತು. ಡೆಕೋರಾದಲ್ಲಿ ತಲೆಯಿಂದ ಕಾಲಿನವರೆಗೆ ಬಣ್ಣದ ಕ್ಲಿಪ್ಪು, ಮಣಿಸರ, ಬಳೆ. ಗ್ಯಾರು ಅಂದರೆ ಬಣ್ಣ ಹಾಕಿದ ಕೂದಲು, ಎದ್ದು ಕಾಣುವ ಮೇಕಪ್ಪು, ಅದು ಶಿಬುಯಾದ್ದು. 1979ರಲ್ಲಿ ತೆರೆದ '109' ಎಂಬ ಬಟ್ಟೆ ಅಂಗಡಿಗಳ ಕಟ್ಟಡವೇ ಅದರ ತವರು. ಫೇರಿ ಕೇ ಅಂದರೆ 80ರ ದಶಕದ ಆಟಿಕೆಗಳ ತಿಳಿ ಬಣ್ಣಗಳು. ಮೋರಿ ಗರ್ಲ್ ಅಂದರೆ ಕಾಡಿನಲ್ಲಿ ವಾಸಿಸುವ ಹುಡುಗಿಯ ಹಾಗೆ ಹತ್ತಿ, ಉಣ್ಣೆಯ ಸಡಿಲ ಪದರಗಳು.

ಗ್ಯಾರು ಬಗ್ಗೆ ಒಂದು ಮಾತು ಹೇಳಲೇಬೇಕು. 90ರ ದಶಕದ ಕೊನೆಯಲ್ಲಿ 'ಗಂಗುರೋ' ಹುಡುಗಿಯರು ಬೇಕೆಂದೇ ಚರ್ಮವನ್ನು ಕಂದು ಮಾಡಿಕೊಂಡು, ಕೂದಲಿಗೆ ಬಿಳಿಚು ಬಣ್ಣ ಹಾಕಿಕೊಂಡು ಓಡಾಡಿದರು. ಬೆಳ್ಳಗಿದ್ದರೇ ಚೆಂದ ಅಂತ ತಲೆತಲಾಂತರದಿಂದ ಹೇಳುತ್ತಿದ್ದ ದೇಶದಲ್ಲಿ ಅದು ಸಣ್ಣ ವಿಷಯ ಅಲ್ಲ. ಫೇರ್‌ನೆಸ್ ಕ್ರೀಮಿನ ಜಾಹೀರಾತು ನೋಡುತ್ತಾ ಬೆಳೆದ ನನಗೆ ಆ ಹಳೆ ಫೋಟೋಗಳನ್ನು ನೋಡಿದಾಗ ಎದೆ ತುಂಬಿ ಬಂತು.

ಲೋಲಿತಾ: ಒಳಲಂಗದಿಂದ ಶುರು ಮಾಡಿ

ಈ ಹೆಸರಿಗೆ ಬೇರೆ ಕಡೆ ಕೆಟ್ಟ ಅರ್ಥ ಇದೆ. ಹರಾಜುಕುವಿನಲ್ಲಿ ಹಾಗಿಲ್ಲ. ಮೈ ತೋರಿಸುವ ಉಡುಗೆ ಇದಲ್ಲವೇ ಅಲ್ಲ. ಹಳೆಯ ಯುರೋಪಿನ ಬಟ್ಟೆಗಳಿಂದ ಸ್ಫೂರ್ತಿ ಪಡೆದು, ತನಗಾಗಿ ತಾನು ಸಿಂಗರಿಸಿಕೊಳ್ಳುವುದು. ಮುದ್ದು ತಿಳಿ ಬಣ್ಣಗಳ ಸ್ವೀಟ್, ಕಪ್ಪಿನ ಗಾಥಿಕ್, ಸೌಮ್ಯ ಬಣ್ಣಗಳ ಕ್ಲಾಸಿಕ್ ಅಂತ ಮೂರು ದೊಡ್ಡ ಕವಲುಗಳು. 1988ರಲ್ಲಿ ಶುರುವಾದ 'ಬೇಬಿ, ದಿ ಸ್ಟಾರ್ಸ್ ಶೈನ್ ಬ್ರೈಟ್' ಸ್ವೀಟ್‌ಗೆ ಹೆಸರುವಾಸಿ. ಮಾಲಿಸ್ ಮಿಜರ್ ಬ್ಯಾಂಡಿನ ಗಿಟಾರ್ ವಾದಕ ಮಾನಾ 1999ರಲ್ಲಿ ತೆರೆದ 'ಮ್ವಾ-ಮೆಮ್-ಮ್ವಾತಿಯೆ' ಗಾಥಿಕ್‌ಗೆ. 2009ರಲ್ಲಿ ಜಪಾನಿನ ವಿದೇಶಾಂಗ ಇಲಾಖೆಯೇ 'ಕವಾಯಿ ರಾಯಭಾರಿ' (ಕವಾಯಿ ಅಂದರೆ ಮುದ್ದು) ಅಂತ ಮೂವರನ್ನು ನೇಮಿಸಿದಾಗ, ಅವರಲ್ಲೊಬ್ಬರು ಲೋಲಿತಾ ಮಾಡೆಲ್ ಮಿಸಾಕೊ ಆಓಕಿ.

ಹೊಸಬರು ಮಾಡುವ ತಪ್ಪು ಒಂದೇ. ಇರುವ ದುಡ್ಡನ್ನೆಲ್ಲ ಮೇಲಿನ ಡ್ರೆಸ್ಸಿಗೆ ಸುರಿಯುತ್ತಾರೆ. ಒಳಲಂಗಕ್ಕೆ ಏನೂ ಉಳಿಯುವುದಿಲ್ಲ. ಆಮೇಲೆ ಆ ಚೆಂದದ ಡ್ರೆಸ್ಸು ಜೋತುಬಿದ್ದು ಸಾದಾ ಫ್ರಾಕಿನ ಹಾಗೆ ಕಾಣುತ್ತದೆ. ಈ ಉಡುಗೆಯ ಜೀವ ಇರುವುದೇ ಲಂಗದ ಉಬ್ಬಿನಲ್ಲಿ. ಹಾಗಾಗಿ ಮೊದಲು ಒಳಲಂಗ, ಆಮೇಲೆ ಬ್ಲೌಸು, ಕೊನೆಗೆ ಡ್ರೆಸ್ಸು. ಈ ಕ್ರಮದಲ್ಲಿ ಕೊಳ್ಳಿ.

ಒಳಲಂಗವನ್ನು ಜಪಾನಿನಿಂದಲೇ ತರಿಸಬೇಕಿಲ್ಲ. ಲೆಹೆಂಗಾ ಹೊಲಿಯುವ ಟೈಲರ್ ಹತ್ತಿರ ಹೋಗಿ 'ಕ್ಯಾನ್‌ಕ್ಯಾನ್' ಬೇಕು ಅನ್ನಿ, ತಕ್ಷಣ ಗೊತ್ತಾಗುತ್ತದೆ. ಆದರೆ ಉದ್ದ ಸರಿಯಾಗಿ ಹೇಳಿ. ಲೆಹೆಂಗಾದ್ದು ಪಾದದವರೆಗೆ ಬರುತ್ತದೆ. ನಿಮಗೆ ಬೇಕಿರುವುದು ಡ್ರೆಸ್ಸಿನ ಅಂಚಿಗಿಂತ ಮೂರು ನಾಲ್ಕು ಸೆಂಟಿಮೀಟರ್ ಗಿಡ್ಡದ್ದು. ಗಟ್ಟಿ ನೆಟ್ ಚುಚ್ಚುತ್ತದೆ, ಅದಕ್ಕೆ ಒಳಗೆ ಹತ್ತಿಯ ಅಸ್ತರಿ ಹಾಕಿಸಿ. ಸ್ವೀಟ್‌ಗೆ ಗಂಟೆಯಾಕಾರ ಚೆಂದ, ಸೊಂಟದ ಕೆಳಗೇ ಉಬ್ಬು ಶುರುವಾಗಬೇಕು. ಕ್ಲಾಸಿಕ್‌ಗೆ ಮೇಲಿನಿಂದ ಕೆಳಗೆ ನಿಧಾನವಾಗಿ ಹರಡಿದರೆ ಸಾಕು.

ಡ್ರೆಸ್ಸು ಹೊಸದಾದರೆ ದೊಡ್ಡ ಬ್ರ್ಯಾಂಡುಗಳಲ್ಲಿ ಬೆಲೆ 30 ಸಾವಿರ ಯೆನ್ ಆಸುಪಾಸು, ಕೆಲವು ಅದಕ್ಕೂ ಮೇಲೆ. ಬಳಸಿದ್ದು ಕೊಳ್ಳಲು ಹಿಂಜರಿಯಬೇಡಿ. ಟೋಕಿಯೋದಲ್ಲಿ 'ಕ್ಲೋಸೆಟ್ ಚೈಲ್ಡ್'ನಂಥ ಅಂಗಡಿಗಳು ಇದಕ್ಕೆಂದೇ ಇವೆ. ಅಲ್ಲಿನವರು ಬಟ್ಟೆಯನ್ನು ಎಷ್ಟು ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ ಅಂದರೆ, ನಾನು ಕೊಂಡ ಹಳೆ ಡ್ರೆಸ್ಸಿನ ಜೊತೆ ಬಿಡಿ ಗುಂಡಿ, ಅದೇ ಬಟ್ಟೆಯ ಒಂದು ತುಂಡು ಕೂಡ ಸಣ್ಣ ಕವರಿನಲ್ಲಿತ್ತು. ಕೊಳ್ಳುವ ಮೊದಲು ಅಳತೆ ನೋಡಿ. ಎಷ್ಟೋ ಡ್ರೆಸ್ಸುಗಳು ಒಂದೇ ಸೈಜಿನಲ್ಲಿ ಬರುತ್ತವೆ. ನಮ್ಮ ಮೈಕಟ್ಟಿಗೆ ಎದೆ, ಭುಜದ ಹತ್ತಿರ ಬಿಗಿಯಾಗುವುದು ಸಾಮಾನ್ಯ. ಬೆನ್ನಿನಲ್ಲಿ ಸಾಲು ಸಾಲು ಎಲಾಸ್ಟಿಕ್ ಹೊಲಿಗೆ ಇರುವುದನ್ನು ಆರಿಸಿದರೆ ಹಿಗ್ಗುತ್ತದೆ. ಆ ಎಲಾಸ್ಟಿಕ್ ಇನ್ನೂ ಗಟ್ಟಿಯಾಗಿದೆಯಾ ಅಂತ ಅಂಗಡಿಯಲ್ಲೇ ಎಳೆದು ನೋಡಿ. ಶೂ ಅಳತೆ ಅಲ್ಲಿ ಸೆಂಟಿಮೀಟರಿನಲ್ಲಿ. ಹಾಳೆಯ ಮೇಲೆ ನಿಂತು, ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಯವರೆಗೆ ಅಳೆದುಕೊಂಡು ಹೋಗಿ.

ತೊಡುವ ಕ್ರಮವೂ ಮುಖ್ಯ. ಕಾಲುಚೀಲ ಮೊದಲು. ಆಮೇಲೆ ಮೊಣಕಾಲುದ್ದದ ಒಳಚಡ್ಡಿ, ಬ್ಲೌಸು, ಒಳಲಂಗ, ಮೇಲೆ ಡ್ರೆಸ್ಸು. ಡ್ರೆಸ್ಸನ್ನು ತಲೆಯ ಮೇಲಿಂದ ಇಳಿಸಿ. ಕೂದಲು, ತಲೆಪಟ್ಟಿ ಕೊನೆಗೆ. ನಾನು ಮೊದಲ ಸಲ ಒಳಲಂಗ ಉಟ್ಟ ಮೇಲೆ ಕಾಲುಚೀಲ ಹಾಕಲು ಹೋಗಿ, ಬಗ್ಗಲೂ ಆಗದೆ ಎಲ್ಲ ಬಿಚ್ಚಿ ಮತ್ತೆ ಶುರು ಮಾಡಿದೆ. ಅರ್ಧ ಗಂಟೆ ಅಲ್ಲೇ ಹೋಯಿತು.

ಕೈಯಲ್ಲಿ ದುಡ್ಡಿಲ್ಲದಿದ್ದರೆ ಡೆಕೋರಾ

ಇದಕ್ಕೆ ಬೇಕಿರುವುದು ಧೈರ್ಯ ಮತ್ತು ಒಂದು ಫ್ಯಾನ್ಸಿ ಸ್ಟೋರ್. ಪ್ಲಾಸ್ಟಿಕ್ ಹೇರ್‌ಕ್ಲಿಪ್ಪು, ಮಣಿಸರ, ಬಣ್ಣದ ಬಳೆ, ಸಣ್ಣ ಗೊಂಬೆ. ಮೊದಲು ಮುಖ್ಯ ಬಣ್ಣ ಒಂದನ್ನು ಆರಿಸಿ, ಗುಲಾಬಿ ಅನ್ನೋಣ. ಅಂಗಿ, ಲಂಗ ಎರಡೂ ಆ ಬಣ್ಣದ ಸುತ್ತ ಇರಲಿ. ಅದರ ಮೇಲೆ ಎಷ್ಟು ಬಣ್ಣ ಬೇಕಾದರೂ ತುಂಬಿ, ಕಣ್ಣಿಗೆ ಒಂದು ನೆಲೆ ಸಿಗುತ್ತದೆ. ಕ್ಲಿಪ್ಪುಗಳನ್ನು ಮುಂಗೂದಲಿನಿಂದ ಶುರು ಮಾಡಿ ಹಿಂದಕ್ಕೆ ಹಾಕುತ್ತಾ ಹೋಗಿ. ಭಾರವಾದವು ಕೆಳಗೆ, ಹಗುರವಾದವು ಮೇಲೆ. ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ತಲೆನೋವು ಖಚಿತ.

ಹರಾಜುಕುವಿನಲ್ಲಿ ಸೆಬಾಸ್ಟಿಯನ್ ಮಾಸುದಾ 1995ರಲ್ಲಿ ತೆರೆದ '6%ಡೋಕಿಡೋಕಿ' ಅಂಗಡಿ ಈ ಬಣ್ಣದ ಲೋಕಕ್ಕೆ ದೊಡ್ಡ ಹೆಸರು.

ವೇಷ ಬೇಕಾದವರು ಪಾತ್ರ ಆರಿಸುವಾಗ

ಪ್ರೀತಿಸುವ ಪಾತ್ರವನ್ನೇ ಆರಿಸಿ. ಈ ತಿಂಗಳು ಎಲ್ಲರೂ ಹಾಕುತ್ತಿದ್ದಾರೆ ಅಂತ ಹಾಕಿದ ವೇಷ ಅರ್ಧಕ್ಕೇ ಬೇಸರ ತರಿಸುತ್ತದೆ. ರಾತ್ರಿ ಒಂದು ಗಂಟೆಗೆ ಸೂಜಿ ಹಿಡಿದು ಕೂತಾಗ ನಿಮ್ಮನ್ನು ಎಚ್ಚರವಾಗಿಡುವುದು ಆ ಪ್ರೀತಿ ಮಾತ್ರ. ಆದರೆ ಪ್ರೀತಿಸುವ ಪಾತ್ರಗಳಲ್ಲಿ ಸುಲಭದ್ದು ಮೊದಲು ಬರಲಿ. ಶಾಲೆಯ ಯೂನಿಫಾರ್ಮ್, ಸಾದಾ ಕೋಟು, ಯುಕಾತಾ (ಬೇಸಿಗೆಯ ಹತ್ತಿ ಕಿಮೋನೊ) ಒಳ್ಳೆಯವು. ರೆಕ್ಕೆ, ಕವಚ, ಆಳೆತ್ತರದ ಕತ್ತಿ ಎರಡನೇ ವರ್ಷಕ್ಕಿರಲಿ.

ಆಮೇಲೆ ಪಾತ್ರದ ಚಿತ್ರ ಹುಡುಕಿ. ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ, ಮೂರೂ ಬೇಕು. ಬೆನ್ನಿನ ವಿನ್ಯಾಸ ಗೊತ್ತಿಲ್ಲದೆ ಹೊಲಿದು ಕೊನೆಗೆ ಒದ್ದಾಡುವವರು ಬಹಳ. ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಒಂದೊಂದು ಭಾಗಕ್ಕೂ ಗೆರೆ ಎಳೆದು ಬರೆಯಿರಿ: ಇದು ಮನೆಯಲ್ಲಿದೆ, ಇದು ಕೊಳ್ಳಬೇಕು, ಇದು ಹೊಲಿಯಬೇಕು. ಆ ಹಾಳೆಯೇ ನಿಮ್ಮ ಬಜೆಟ್ಟು.

ವಿಗ್: ಇಲ್ಲಿ ಆತುರ ಬೇಡ

ನನ್ನ ಅನುಭವದಲ್ಲಿ ವೇಷ ಗೆಲ್ಲುವುದೂ ಸೋಲುವುದೂ ವಿಗ್ಗಿನಲ್ಲಿ. ಬಟ್ಟೆ ಸ್ವಲ್ಪ ಹೆಚ್ಚುಕಡಿಮೆ ಆದರೂ ಜನ ಪಾತ್ರ ಗುರುತಿಸುತ್ತಾರೆ. ಕೂದಲು ತಪ್ಪಿದರೆ ಗುರುತೇ ಸಿಗುವುದಿಲ್ಲ.

ಶಾಖ ತಡೆಯುವ ಸಿಂಥೆಟಿಕ್ ನಾರಿನ ವಿಗ್ಗೇ ಕೊಳ್ಳಿ. ಪ್ಯಾಕೆಟ್ ಮೇಲೆ ಎಷ್ಟು ಡಿಗ್ರಿವರೆಗೆ ಅಂತ ಬರೆದಿರುತ್ತಾರೆ. ಬರೆದದ್ದನ್ನು ಸುಮ್ನೆ ನಂಬಬೇಡಿ. ನನ್ನ ಮೊದಲ ವಿಗ್ಗಿನ ಮೇಲೂ ಬರೆದಿತ್ತು. ಸ್ಟ್ರೈಟ್‌ನರ್ ಇಟ್ಟ ಎರಡೇ ಸೆಕೆಂಡಿನಲ್ಲಿ ಮುಂಗೂದಲು ಸುರುಟಿ ಗಟ್ಟಿ ಪ್ಲಾಸ್ಟಿಕ್ ಆಯಿತು. ಮೂರು ವಾರ ಕಾದು ತರಿಸಿದ್ದು, ಉತ್ಸವಕ್ಕೆ ನಾಲ್ಕು ದಿನ ಬಾಕಿ. ಅವತ್ತು ಅತ್ತಿದ್ದೆ. ಅದಕ್ಕೇ ಹೇಳುವುದು: ಕತ್ತಿನ ಹಿಂದೆ, ಒಳಗಡೆಯಿಂದ ನಾಲ್ಕು ಎಳೆ ಕತ್ತರಿಸಿ ಮೊದಲು ಅದರ ಮೇಲೆ ಪರೀಕ್ಷೆ ಮಾಡಿ. ಕಡಿಮೆ ಶಾಖದಿಂದ ಶುರು ಮಾಡಿ ಏರಿಸಿ.

ಕತ್ತರಿಸುವ ಮೊದಲು ವಿಗ್ಗನ್ನು ತಲೆಗೆ ಹಾಕಿಕೊಳ್ಳಿ. ಸ್ಟ್ಯಾಂಡಿನ ಮೇಲೆ ಸರಿಯಾಗಿ ಕಂಡ ಮುಂಗೂದಲು ನಿಮ್ಮ ಹಣೆಯ ಮೇಲೆ ಗಿಡ್ಡವಾಗಬಹುದು. ಕತ್ತರಿಯನ್ನು ಅಡ್ಡ ಹಿಡಿಯಬೇಡಿ, ತುದಿ ಮೇಲೆ ಮಾಡಿ ಉದ್ದಕ್ಕೆ ಹಿಡಿದು ಸ್ವಲ್ಪ ಸ್ವಲ್ಪವೇ ಕತ್ತರಿಸಿ. ಅಡ್ಡ ಕತ್ತರಿಸಿದರೆ ಗೆರೆ ಹೊಡೆದ ಹಾಗೆ ಕಾಣುತ್ತದೆ. ಈ ಕೂದಲು ಮತ್ತೆ ಬೆಳೆಯುವುದಿಲ್ಲ, ನೆನಪಿರಲಿ.

ಅನಿಮೆ ಪಾತ್ರಗಳ ಹಾಗೆ ಚೂಪಾಗಿ ನಿಲ್ಲಿಸುವುದು ಹೀಗೆ. ಒಂದು ಎಳೆಗುಚ್ಛ ತೆಗೆದುಕೊಂಡು ಬೇಕಾದ ದಿಕ್ಕಿಗೆ ಹಿಡಿಯಿರಿ. ಬುಡಕ್ಕೆ ಗಟ್ಟಿ ಹೇರ್‌ಸ್ಪ್ರೇ ಹೊಡೆಯಿರಿ. ಡ್ರೈಯರಿನ ಬಿಸಿ ಗಾಳಿ ಬಿಡಿ, ಆಮೇಲೆ ಅಲ್ಲಾಡಿಸದೆ ತಣ್ಣನೆ ಗಾಳಿ ಬಿಡಿ. ಆಕಾರ ನಿಲ್ಲುವುದು ಬಿಸಿಯಲ್ಲಿ ಅಲ್ಲ, ತಣಿಯುವಾಗ. ಅಲ್ಲಿಯವರೆಗೆ ಕೈ ಬಿಡಬೇಡಿ. ತುದಿಯನ್ನು ಎರಡು ಬೆರಳಲ್ಲಿ ಹೊಸೆದು ಮತ್ತೆ ಒಂಚೂರು ಸ್ಪ್ರೇ. ಒಂದು ಗುಚ್ಛಕ್ಕೆ ಐದು ನಿಮಿಷ ಹಿಡಿದರೂ ಹಿಡಿಯಬಹುದು. ಒಂದು ಸಂಜೆ ಪೂರ್ತಿ ಇದಕ್ಕೇ ಇಟ್ಟುಕೊಳ್ಳಿ.

ಬಟ್ಟೆ ಮತ್ತು ಕವಚ

ಟೋಕಿಯೋದಲ್ಲಿ ಕಾಸ್‌ಪ್ಲೇಯರುಗಳು ಬಟ್ಟೆಗೆ ಹೋಗುವುದು ನಿಪ್ಪೋರಿಗೆ. ಸ್ಟೇಷನ್ನಿನಿಂದ ಹೊರಟರೆ ಬೀದಿಯುದ್ದಕ್ಕೂ ಬಟ್ಟೆ, ಗುಂಡಿ, ಜಿಪ್ಪು, ಲೇಸಿನ ಅಂಗಡಿಗಳೇ. 'ತೊಮಾತೊ' ಎಂಬ ದೊಡ್ಡ ಅಂಗಡಿಯಲ್ಲಿ ಅಗ್ಗದ ತಾನುಗಳ ರಾಶಿ ಇರುತ್ತದೆ. ಅಲ್ಲಿ ಕಾಲಿಟ್ಟಾಗಲೆಲ್ಲ ನನಗೆ ಚಿಕ್ಕಪೇಟೆ ನೆನಪಾಗುತ್ತಿತ್ತು. ಬಟ್ಟೆ ಆರಿಸುವಾಗ ಹೊಳಪಿನ ಸ್ಯಾಟಿನ್ ಬೇಡ. ಫೋಟೋದಲ್ಲಿ ಅಗ್ಗವಾಗಿ ಕಾಣುತ್ತದೆ, ಪ್ರತಿ ಸುಕ್ಕೂ ಎದ್ದು ತೋರುತ್ತದೆ. ಮಂದ ಮೇಲ್ಮೈಯ ದಪ್ಪ ಬಟ್ಟೆ ಒಳ್ಳೆಯದು.

ಕಿಮೋನೊ ಅಥವಾ ಯುಕಾತಾ ತೊಡುವ ಪಾತ್ರವಾದರೆ ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ನಿಮ್ಮ ಬಲಗಡೆಯ ಅಂಚು ಮೊದಲು ಮೈಗೆ ಅಂಟಬೇಕು, ಎಡಗಡೆಯದು ಅದರ ಮೇಲೆ ಬರಬೇಕು. ಉಲ್ಟಾ ಸುತ್ತುವುದು ಹೆಣಕ್ಕೆ. ಜಪಾನೀಯರಿಗೆ ಅದು ಕಂಡ ಕೂಡಲೇ ಮನಸ್ಸಿಗೆ ಕಸಿವಿಸಿ ಆಗುತ್ತದೆ, ಹೇಳದಿದ್ದರೂ. ಇನ್ನೊಂದು ಸೂಕ್ಷ್ಮ: ಫೋನಿನ ಮುಂಗ್ಯಾಮೆರಾದಲ್ಲಿ ಸೆಲ್ಫಿ ತೆಗೆದರೆ ಎಡ ಬಲ ಅದಲುಬದಲಾಗಿ, ಸರಿಯಾಗಿ ಉಟ್ಟಿದ್ದೂ ತಪ್ಪಾಗಿ ಕಾಣಬಹುದು. ಹಿಂದಿನ ಕ್ಯಾಮೆರಾದಲ್ಲಿ ಬೇರೆಯವರಿಂದ ತೆಗೆಸಿ.

ಕವಚಕ್ಕೆ ಇವಿಎ ಫೋಮ್. ಜಪಾನಿನ ಸಾಮಾನಿನ ಅಂಗಡಿಗಳಲ್ಲಿ ಇದರ ಹಾಳೆ 'ಲಯನ್ ಬೋರ್ಡ್' ಎಂಬ ಹೆಸರಲ್ಲಿ ಸಿಗುತ್ತದೆ. ನಮ್ಮಲ್ಲಿ ಮಕ್ಕಳು ಆಡಲು ನೆಲಕ್ಕೆ ಹಾಸುವ, ಒಂದಕ್ಕೊಂದು ಕೂಡಿಸುವ ಮ್ಯಾಟ್ ಇದೆಯಲ್ಲ, ಅದೂ ಆಗುತ್ತದೆ. ಮೊದಲು ಹಳೆ ಪೇಪರಿನಲ್ಲಿ ಮಾದರಿ ಕತ್ತರಿಸಿ ಮೈಗೆ ಹಿಡಿದು ನೋಡಿ. ಸರಿ ಅನ್ನಿಸಿದ ಮೇಲೆ ಫೋಮ್ ಮೇಲೆ ಗುರುತು ಹಾಕಿ. ಬ್ಲೇಡು ಹೊಸದಿರಲಿ, ಮೊಂಡಾದರೆ ಅಂಚು ಹರಿದ ಬ್ರೆಡ್ಡಿನ ಹಾಗಾಗುತ್ತದೆ. ಹೀಟ್ ಗನ್ (ಬಿಸಿ ಗಾಳಿ ಊದುವ ಯಂತ್ರ) ಹಿಡಿದಾಗ ಮೇಲ್ಮೈ ಸ್ವಲ್ಪ ಮಿನುಗುತ್ತದೆ. ಆಗ ಬಾಗಿಸಿ, ತಣಿಯುವವರೆಗೆ ಹಿಡಿದುಕೊಳ್ಳಿ. ಅಂಟಿಸಲು ಚಪ್ಪಲಿ ಅಂಗಡಿಯವರು ಬಳಸುವಂಥ ರಬ್ಬರ್ ಸೊಲ್ಯೂಷನ್. ಎರಡೂ ಅಂಚಿಗೆ ಹಚ್ಚಿ ಕಾಯಿರಿ. ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ. ಹಸಿ ಇರುವಾಗ ಒತ್ತಿದರೆ ಬಿಟ್ಟುಕೊಳ್ಳುತ್ತದೆ. ಕಿಟಕಿ ತೆರೆದು, ಮಾಸ್ಕ್ ಹಾಕಿಕೊಂಡೇ ಈ ಕೆಲಸ ಮಾಡಿ. ಆ ವಾಸನೆ ಒಳ್ಳೆಯದಲ್ಲ.

ಮುಖ, ಮತ್ತು ನಮ್ಮ ಚರ್ಮದ ಬಣ್ಣ

ಜಪಾನಿನ ಕಾಸ್‌ಪ್ಲೇಯರುಗಳು ವಿಗ್ಗಿನ ಒಳಗೆ ಪಾರದರ್ಶಕ ಟೇಪಿನಿಂದ ಕೆನ್ನೆ ಮತ್ತು ಕಣ್ಣಿನ ಅಂಚನ್ನು ಹಿಂದಕ್ಕೆ ಎಳೆದು ಅಂಟಿಸುತ್ತಾರೆ. ಮುಖ ಚೂಪಾಗಿ, ಚಿತ್ರದ ಹಾಗೆ ಕಾಣುತ್ತದೆ. ಚರ್ಮಕ್ಕೆ ಹಾಕುವ ಟೇಪನ್ನೇ ಬಳಸಿ, ಮೊದಲೇ ಕೈ ಮೇಲೆ ಅಂಟಿಸಿ ಅಲರ್ಜಿ ಇದೆಯಾ ನೋಡಿ. ಬಣ್ಣದ ಲೆನ್ಸ್ ಬೇಕಿದ್ದರೆ ಕಣ್ಣಿನ ಡಾಕ್ಟರನ್ನು ಕೇಳಿ ಕೊಳ್ಳಿ, ಇನ್ನೊಬ್ಬರ ಲೆನ್ಸ್ ಎಂದೂ ಹಾಕಬೇಡಿ.

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು: "ನಾನು ಕಪ್ಪಗಿದ್ದೇನೆ, ಪಾತ್ರ ಬೆಳ್ಳಗಿದೆ, ಎಷ್ಟು ಫೌಂಡೇಷನ್ ಹಚ್ಚಲಿ?" ಬೆಳ್ಳಗಾಗಲು ಒಂದು ಹನಿಯೂ ಬೇಡ. ನಿಮ್ಮ ಚರ್ಮದ ಬಣ್ಣದ್ದೇ ಫೌಂಡೇಷನ್ ಹಚ್ಚಿ. ಮುಖಕ್ಕೆ ಬಿಳಿ ಬಳಿದರೆ ಕತ್ತು, ಕೈ ಬೇರೆಯಾಗಿ ಕಾಣುತ್ತವೆ, ಬೆವರಿನಲ್ಲಿ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೇಕಾಗಿಲ್ಲ. ಪಾತ್ರ ಇರುವುದು ಕಣ್ಣಿನ ಗೆರೆಯಲ್ಲಿ, ಹುಬ್ಬಿನ ಓರೆಯಲ್ಲಿ, ನಿಂತ ಭಂಗಿಯಲ್ಲಿ. ಹಾಗೆಯೇ, ಕಪ್ಪು ಬಣ್ಣದ ಪಾತ್ರ ಹಾಕಬೇಕೆಂದು ಯಾರೂ ಮುಖಕ್ಕೆ ಕಪ್ಪು ಬಳಿಯುವುದೂ ಬೇಡ. ವಿಗ್ಗಿನ ಬಣ್ಣ ಆರಿಸುವಾಗ ಮಾತ್ರ ಸ್ವಲ್ಪ ಯೋಚಿಸಿ. ಬೂದುಬಣ್ಣ ಬೆರೆತ ತಿಳಿ ಹಳದಿಗಿಂತ ಜೇನಿನ ಛಾಯೆಯ ಹಳದಿ ನಮ್ಮ ಮೈಬಣ್ಣಕ್ಕೆ ಚೆನ್ನಾಗಿ ಹೊಂದುತ್ತದೆ.

ಉತ್ಸವದ ದಿನ

ಕಾಮಿಕೆಟ್ ಬಗ್ಗೆ ಕೇಳಿರಬಹುದು, ಅಭಿಮಾನಿಗಳು ತಾವೇ ಮಾಡಿದ ಮಾಂಗಾ ಪುಸ್ತಕಗಳನ್ನು ಮಾರುವ ದೊಡ್ಡ ಮೇಳ. 1975ರ ಡಿಸೆಂಬರಿನಲ್ಲಿ 32 ಗುಂಪುಗಳು, ಸುಮಾರು 700 ಜನರಿಂದ ಶುರುವಾದದ್ದು. ಈಗ ಬೇಸಿಗೆಗೊಮ್ಮೆ, ಚಳಿಗಾಲಕ್ಕೊಮ್ಮೆ ಟೋಕಿಯೋ ಬಿಗ್ ಸೈಟ್‌ನಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ನಗೋಯಾದಲ್ಲಿ 2003ರಿಂದ 'ವರ್ಲ್ಡ್ ಕಾಸ್‌ಪ್ಲೇ ಸಮ್ಮಿಟ್' ನಡೆಯುತ್ತದೆ, ಓಸು ಎಂಬ ಹಳೆ ಪೇಟೆ ಬೀದಿಯಲ್ಲಿ ವೇಷಧಾರಿಗಳ ಮೆರವಣಿಗೆ ಹೋಗುತ್ತದೆ. ಅದಕ್ಕೆ ಭಾರತದ ತಂಡಗಳೂ ಹೋಗಿವೆ.

ಕಾಮಿಕೆಟ್‌ಗೆ ವೇಷ ಹಾಕಿಕೊಂಡು ಬರುವಂತಿಲ್ಲ, ಹಾಕಿಕೊಂಡು ಮನೆಗೆ ಹೋಗುವಂತೆಯೂ ಇಲ್ಲ. ಒಳಗೆ ಬಟ್ಟೆ ಬದಲಿಸುವ ಕೋಣೆಯಲ್ಲೇ ಹಾಕಿ, ಅಲ್ಲೇ ಬಿಚ್ಚಬೇಕು. ವೇಷಕ್ಕೆ ಜಾಗ ಗೊತ್ತುಮಾಡಿದೆ, ಉಡುಗೆಗೆ ಊರೆಲ್ಲ ಜಾಗ. ಆ ಹುಡುಗಿ ಹೇಳಿದ ಮಾತು ನನಗೆ ಪೂರ್ತಿ ಅರ್ಥವಾದದ್ದು ಈ ನಿಯಮ ಓದಿದ ದಿನ. ಕತ್ತಿ, ಕೋವಿಯಂಥ ಸಾಮಾನಿಗೆ ಪ್ರತಿ ಉತ್ಸವದ ನಿಯಮ ಬೇರೆ ಇರುತ್ತದೆ. ಹೋಗುವ ಮೊದಲು ಓದಿ, ಚೀಲದೊಳಗೆ ಮುಚ್ಚಿಟ್ಟುಕೊಂಡು ಹೋಗಿ.

ಫೋಟೋಗೆ ಯಾವಾಗಲೂ ಕೇಳಿ. "ಶಾಶಿನ್ ಒ ತೊತ್ತೆ ಮೊ ಈ ದೆಸು ಕಾ?" ಅಂದರೆ 'ಫೋಟೋ ತೆಗೆಯಬಹುದಾ?' ಅಂತ. ಎರಡು ಕೈ ಎದೆಯ ಮುಂದೆ ಗುಣಾಕಾರದ ಚಿಹ್ನೆಯ ಹಾಗೆ ಅಡ್ಡ ಹಿಡಿದರೆ ಬೇಡ ಅಂತ ಅರ್ಥ, ನಮಸ್ಕರಿಸಿ ಸರಿದುಬಿಡಿ. ಒಪ್ಪಿದರೆ ಸಾಲಿನಲ್ಲಿ ನಿಲ್ಲಿ, ಎರಡು ಮೂರು ಫೋಟೋ ಸಾಕು. ಇಂಟರ್‌ನೆಟ್ಟಿಗೆ ಹಾಕುವುದಾದರೆ ಅದನ್ನೂ ಕೇಳಿ. ಕೆಳಗಿನಿಂದ ಕ್ಯಾಮೆರಾ ಇಡುವುದು, ಕೇಳದೆ ವಿಗ್ ಮುಟ್ಟುವುದು, ತಬ್ಬಿಕೊಳ್ಳುವುದು ಎಲ್ಲೂ ಸಲ್ಲದು. ಬೀದಿಯಲ್ಲಿ ಲೋಲಿತಾ ಅಥವಾ ಡೆಕೋರಾ ತೊಟ್ಟವರು ಸಿಕ್ಕರೆ ಇನ್ನೂ ಹೆಚ್ಚು ಎಚ್ಚರ ಬೇಕು. ಅವರು ಫೋಟೋಗೆ ನಿಂತವರಲ್ಲ, ತಮ್ಮ ಪಾಡಿಗೆ ಹೋಗುತ್ತಿರುವವರು.

ಆಗಸ್ಟಿನ ಟೋಕಿಯೋ ನಮ್ಮ ಮಂಗಳೂರಿನ ಮೇ ತಿಂಗಳ ಹಾಗೆ ಬೇಯಿಸುತ್ತದೆ. ನೀರು, ಉಪ್ಪಿನ ಪೇಯ, ಕತ್ತಿಗೆ ಒದ್ದೆ ಬಟ್ಟೆ ಇಟ್ಟುಕೊಳ್ಳಿ. ಗಂಟೆಗೊಮ್ಮೆ ವಿಗ್ ತೆಗೆದು ಹತ್ತು ನಿಮಿಷ ನೆರಳಿನಲ್ಲಿ ಕೂರಿ. ಚೀಲದಲ್ಲಿ ಸೇಫ್ಟಿ ಪಿನ್ನು, ಸೂಜಿ ದಾರ, ಫೆವಿಕ್ವಿಕ್, ಬಟ್ಟೆಯ ಎರಡು ಬದಿ ಟೇಪು, ಹೇರ್‌ಪಿನ್ನು, ಮನೆಗೆ ಹೋಗಲು ಸಾದಾ ಚಪ್ಪಲಿ ಇರಲೇಬೇಕು. ಹರಿಯದ ವೇಷವನ್ನು ನಾನು ಇನ್ನೂ ನೋಡಿಲ್ಲ.

ಬೆಂಗಳೂರಿನಲ್ಲಿ

2012ರಿಂದ ನಮ್ಮಲ್ಲೂ ಕಾಮಿಕ್ ಕಾನ್ ನಡೆಯುತ್ತಿದೆ, ಕಾಸ್‌ಪ್ಲೇ ಸ್ಪರ್ಧೆಯೂ ಇರುತ್ತದೆ. ಮೊದಲ ವೇಷಕ್ಕೆ ಒಳ್ಳೆಯ ಜಾಗ. ಇಲ್ಲಿ ಮನೆಯಿಂದಲೇ ವೇಷ ಹಾಕಿಕೊಂಡು ಬರುವವರು ಬಹಳ. ಮೆಟ್ರೋದಲ್ಲಿ ಬರುವುದಾದರೆ ಕತ್ತಿ, ಕೋವಿ ಸೆಕ್ಯುರಿಟಿಯಲ್ಲಿ ತೊಂದರೆ ಕೊಡುತ್ತವೆ. ಬಿಡಿ ಭಾಗಗಳಾಗಿ ಮಾಡಿ, ಫೋಮ್ ಅಂತ ಕಾಣುವ ಹಾಗೆ ತನ್ನಿ. ಬಟ್ಟೆಗೆ ಚಿಕ್ಕಪೇಟೆ, ಕಮರ್ಷಿಯಲ್ ಸ್ಟ್ರೀಟ್. ಟೈಲರಿಗೆ ಬಾಯಲ್ಲಿ ಹೇಳಬೇಡಿ, ಆ ಮೂರು ಕಡೆಯ ಪ್ರಿಂಟು ಕೊಡಿ. ನಮ್ಮ ಬೀದಿಯ ಟೈಲರಣ್ಣ ನನ್ನ ಕಾಲರಿನ ಚಿತ್ರವನ್ನು ಎರಡು ನಿಮಿಷ ತಿರುಗಿಸಿ ತಿರುಗಿಸಿ ನೋಡಿ, "ಇದಕ್ಕೆ ಒಳಗೆ ಕ್ಯಾನ್ವಾಸ್ ಹಾಕ್ಬೇಕಮ್ಮ, ಇಲ್ಲಾಂದ್ರೆ ನಿಲ್ಲಲ್ಲ" ಅಂದರು. ಅವರು ಹೇಳಿದ್ದೇ ಸರಿಯಾಗಿತ್ತು.

ಮನೆಯವರಿಗೆ ಮೊದಲೇ ಹೇಳಿ. ಯಾವ ಪಾತ್ರ, ಎಲ್ಲಿ, ಯಾರ ಜೊತೆ ಅಂತ. ಅಮ್ಮನಿಗೆ ಅಂಚು ಹೊಲಿಯಲು ಕೊಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಮನೆಗೆ ಬಂದ ಮೇಲೆ

ಎಷ್ಟೇ ಸುಸ್ತಾಗಿದ್ದರೂ ವಿಗ್ಗನ್ನು ಹಾಗೇ ಚೀಲದಲ್ಲಿ ಬಿಡಬೇಡಿ. ತುದಿಯಿಂದ ಶುರು ಮಾಡಿ ಮೇಲಕ್ಕೆ ಬಾಚಿ. ಒಂದು ಬಕೆಟ್ ತಣ್ಣೀರಿಗೆ ಸ್ವಲ್ಪ ಶಾಂಪೂ ಹಾಕಿ ಅದ್ದಿ ತೆಗೆಯಿರಿ, ಉಜ್ಜಬೇಡಿ. ಮತ್ತೆ ತಣ್ಣೀರಿಗೆ ಎರಡು ಹನಿ ಕಂಫರ್ಟ್ ಹಾಕಿ ಅದ್ದಿದರೆ ಗಂಟು ಬೀಳುವುದಿಲ್ಲ. ಹಿಂಡದೆ ಟವೆಲಿನಲ್ಲಿ ಒತ್ತಿ. ಒಳಲಂಗವನ್ನು ಮಡಚಿಟ್ಟರೆ ನೆಟ್ ಚಪ್ಪಟೆಯಾಗುತ್ತದೆ, ತಲೆಕೆಳಗಾಗಿ ತೂಗುಹಾಕಿ. ಡ್ರೆಸ್ಸಿನ ಕಂಕುಳ ಭಾಗವನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿ, ಗಾಳಿಗೆ ಇಡಿ. ವಿಗ್ಗನ್ನು ಬಿಸಿಲಿಗೆ ಇಡಬೇಡಿ, ಬಣ್ಣ ಹೋಗುತ್ತದೆ. ನಾನು ದೊಡ್ಡ ಸ್ಟೀಲ್ ಡಬ್ಬಿಯನ್ನು ಬೋರಲು ಹಾಕಿ ಅದರ ಮೇಲೆ ಕೂರಿಸುತ್ತೇನೆ. ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ.